ಹಸುವಿನ ಐದನೆಯ ಕಾಲು

ಈ ವರ್ಷ ಜೂನ್ ತಿಂಗಳ ಎರಡನೆಯ ಸೋಮವಾರ ಸಂಜೆ ಸುಮಾರು ಆರು ಗಂಟೆಗೆ, ಕೋಲಾರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಒಂಬತ್ತು ವರ್ಷದ ಹರ್ಷಿತಾ ಎಂಬ ಬಾಲಕಿ ಚಿತ್ರ ಬರೆಯುವುದನ್ನು ನಿಲ್ಲಿಸಿದಳು. ಅರ್ಧ ಬರೆದಿದ್ದ ಹಸುವನ್ನು ಹಾಗೆಯೇ ಬಿಟ್ಟು, ಬಣ್ಣದ ಪೆನ್ಸಿಲ್ಲುಗಳನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಮೇಲಿಟ್ಟಳು. "ನಂಗೆ ಬರಲ್ಲ" ಎಂದಷ್ಟೇ ಹೇಳಿಕೆ ನೀಡಿದಳು. ಘಟನೆಗೆ ತಂದೆಯೇ ನೇರ ಹೊಣೆ ಎಂದು ತಾಯಿ ಆರೋಪಿಸಿದ್ದಾರೆ. ಆ ತಂದೆ ನಾನು. ಆರೋಪದಲ್ಲಿ ಹುರುಳಿದೆ.

ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದವನಿಗೆ ಬರುವ ಕಾಯಿಲೆಗಳಲ್ಲಿ ಸಕ್ಕರೆ ಕಾಯಿಲೆ, ಬೆನ್ನುನೋವು ಮೊದಲಾದವು ಎಲ್ಲರಿಗೂ ಗೊತ್ತಿವೆ. ಇನ್ನೊಂದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೈಗೆ ಯಾವ ಕಾಗದ ಬಂದರೂ ಜೇಬಿನಿಂದ ಕೆಂಪು ಪೆನ್ನು ತಾನಾಗಿ ಹೊರಬರುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬರುವ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಅಂಚಿನಲ್ಲಿ "ಎಷ್ಟು ಜನ?", "ಯಾರು ಹೇಳಿದ್ದು?", "ಖಚಿತಪಡಿಸಿ" ಎಂದು ಬರೆಯುತ್ತೇನೆ. ಇದು ಕಚೇರಿಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಒಮ್ಮೆ ದೂರದ ನೆಂಟರೊಬ್ಬರು ಮದುವೆಗೆ ಕರೆಯಲು ಬಂದಾಗ, ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಮಂತ್ರಣ ಪತ್ರಿಕೆಯ ವಾರವನ್ನೂ ತಾರೀಕನ್ನೂ ತಾಳೆ ಹಾಕಿ ನೋಡಿದ್ದೆ. ತಾಳೆ ಆಗಲಿಲ್ಲ. ನಾನು ಹೇಳದಿದ್ದರೆ ಆ ಮದುವೆಗೆ ಜನ ಎರಡು ಬೇರೆ ಬೇರೆ ದಿನ ಬಂದು ಹೋಗುತ್ತಿದ್ದರು. ಹೇಳಿದ್ದಕ್ಕೆ ಅವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಹರ್ಷಿತಾಳ ಚಿತ್ರಗಳ ವಿಷಯಕ್ಕೆ ಬಂದರೆ, ಮೊದಲಿನಿಂದಲೂ ನನ್ನಲ್ಲಿ ದಾಖಲೆ ಇದೆ. ಮೊದಲ ಚಿತ್ರ ಬಿದ್ದದ್ದು ವಕ್ಕಲೇರಿ ಹತ್ತಿರದ ನಮ್ಮ ಅತ್ತೆಯ ಊರಿನಲ್ಲಿ, ರೇಷ್ಮೆ ಹುಳು ಸಾಕುವ ಮನೆಯ ಹೊರಗೋಡೆಯ ಮೇಲೆ, ಇದ್ದಿಲಿನಲ್ಲಿ. ಆಗ ಅವಳಿಗೆ ಎರಡು ತುಂಬಿತ್ತು. ಹುಳು ಮನೆಯನ್ನು ಪ್ರತಿ ಬೆಳೆಗೂ ತೊಳೆದು, ಗೋಡೆಗೆ ಸುಣ್ಣ ಬಳಿದು, ಆಮೇಲೆ ಹೊಸ ಮರಿಹುಳು ತರುವುದು ಪದ್ಧತಿ. ಹಾಗಾಗಿ ಮೊಮ್ಮಗಳಿಗೆ ಒಂದೊಂದು ಬೆಳೆಗೂ ಒಂದೊಂದು ಹೊಸ ಹಾಳೆ ಸಿಗುತ್ತಿತ್ತು. ಆ ಮೊದಲ ಚಿತ್ರ ಒಂದು ಸುತ್ತು. ಸುತ್ತಿನೊಳಗೆ ಇನ್ನೊಂದು ಸುತ್ತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುರುಳಿಯ ಹಾಗೆ. "ಏನಮ್ಮಾ ಇದು?" ಎಂದು ಕೇಳಿದೆ. "ಅಜ್ಜಿ" ಅಂದಳು. ಮರುದಿನ ಅದನ್ನೇ ತೋರಿಸಿ ಕೇಳಿದೆ. "ಬಸ್ಸು" ಅಂದಳು. ಮೂರನೆಯ ದಿನ "ಅದೂ…" ಎಂದು ಎಳೆದು, ನನ್ನನ್ನು ನೋಡಿ, "ಸುಮ್ನೆ" ಅಂದಳು. ಒಂದೇ ವಿಷಯಕ್ಕೆ ಒಂದೇ ಮೂಲದಿಂದ ಮೂರು ದಿನ ಮೂರು ಹೇಳಿಕೆ. ಇಂಥ ಮೂಲವನ್ನು ನಂಬಿ ನಾನು ಎರಡು ಸಾಲಿನ ಸುದ್ದಿಯನ್ನೂ ಹಾಕುವವನಲ್ಲ. ಆದರೂ ಆಗ ಸುಮ್ಮನಿದ್ದೆ. ಮಗು ಚಿಕ್ಕದು ಎಂದುಕೊಂಡೆ. ನನ್ನ ಪರವಾಗಿ ಹೇಳಬಹುದಾದ ಮಾತು ಇದೊಂದೇ.

ನಾಲ್ಕು ವರ್ಷಕ್ಕೆ ಮನುಷ್ಯರು ಬಂದರು. ದೊಡ್ಡ ತಲೆ, ತಲೆಯಿಂದ ನೇರವಾಗಿ ಎರಡು ಕಾಲು, ಕಿವಿ ಇರಬೇಕಾದ ಜಾಗದಿಂದ ಎರಡು ಕೈ. ಮನೆಯವರೆಲ್ಲ ಹೀಗೇ ಇದ್ದೆವು. ಅತ್ತೆ ಎಲ್ಲರಿಗಿಂತ ದೊಡ್ಡವರು. ಅವರ ಪಕ್ಕ ಅವರ ಹಸು, ಆಮೇಲೆ ಇವಳಮ್ಮ. ಕಾಗದದ ಮೂಲೆಯಲ್ಲಿ ಹುಣಸೆ ಬೀಜದಷ್ಟು ನಾನು. ನಾನು ಅಳತೆಯ ವಿಷಯ ಎತ್ತಲಿಲ್ಲ. "ಅಪ್ಪನಿಗೆ ಹೊಟ್ಟೆ ಎಲ್ಲಮ್ಮಾ?" ಎಂದು ಮಾತ್ರ ಕೇಳಿದೆ. ಅವಳು ಒಂದು ಕ್ಷಣ ಚಿತ್ರ ನೋಡಿ, "ಇನ್ನೂ ಊಟ ಆಗಿಲ್ಲ" ಅಂದಳು. ಆ ಉತ್ತರವನ್ನು ನಾನು ಕಚೇರಿಯಲ್ಲಿ ಹೇಳಿ ನಗಿಸಿದೆ. ನಕ್ಕು ಮುಗಿಸಿದ ಮೇಲೆ ಒಳಗೊಳಗೇ ಅಂಜಿಕೆ ಶುರುವಾಯಿತು. ಪಕ್ಕದ ಮನೆಯ ಮಗುವಿನ ಚಿತ್ರದಲ್ಲಿ ಹೊಟ್ಟೆ ಇತ್ತು, ಅದಕ್ಕೆ ಗುಂಡಿಗಳೂ ಇದ್ದವು.

ಆರು ವರ್ಷಕ್ಕೆ ಬಂದ ಚಿತ್ರಗಳು ನನ್ನ ನಿದ್ದೆ ಕೆಡಿಸಿದವು. ಟೇಕಲ್ ಸ್ಟೇಷನ್ನಿನಲ್ಲಿ ನಿಂತ ರೈಲಿಗೆ ಗೋಡೆಯೇ ಇಲ್ಲ, ಒಳಗೆ ಕೂತವರೆಲ್ಲ ಕಾಣುತ್ತಾರೆ. ಅವರ ಟಿಫನ್ ಡಬ್ಬಿಯೊಳಗಿನ ಮುದ್ದೆಯೂ ಕಾಣುತ್ತದೆ. ಗಬ್ಬದ ಹಸುವಿನ ಹೊಟ್ಟೆಯೊಳಗೆ ಕರು ಮಲಗಿದೆ, ಕರುವಿನ ಕೊರಳಲ್ಲಿ ಗಂಟೆ. ದೇವರಾಯಸಮುದ್ರದ ಕೆರೆಗೆ ಒಂದು ಭಾನುವಾರ ಕರೆದುಕೊಂಡು ಹೋಗಿದ್ದೆ. ಬಂದು ಬರೆದಳು. ನಡುವೆ ನೀಲಿ ಕೆರೆ, ಸುತ್ತಲೂ ನಾಲ್ಕೂ ದಿಕ್ಕಿಗೆ ಜನ ಅಂಗಾತ ಬಿದ್ದಿದ್ದಾರೆ. "ಏನಾಯ್ತಮ್ಮಾ ಇಲ್ಲಿ? ಎಷ್ಟು ಜನ?" ಎಂದೆ. "ಏನೂ ಆಗಿಲ್ಲ. ಕೆರೆ ನೋಡ್ತಾ ನಿಂತವ್ರೆ" ಎಂದು ಅಜ್ಜಿಯ ಧಾಟಿಯಲ್ಲಿ ಹೇಳಿದಳು. ಕೆರೆಯನ್ನು ಮೇಲಿನಿಂದ, ಜನರನ್ನು ಎದುರಿನಿಂದ ನೋಡಿದ ಹಾಗೆ ಬರೆದಿದ್ದಳು, ಅಷ್ಟೇ. ಅಪಘಾತವಾದಾಗ ಮುಖ್ಯ ಕಚೇರಿಗೆ ನಾನು ಕಳಿಸುವ ನಕ್ಷೆಗಳಲ್ಲಿಯೂ ರಸ್ತೆ ಮೇಲಿನಿಂದ ಕಾಣುತ್ತದೆ, ಲಾರಿ ಪಕ್ಕದಿಂದ ಕಾಣುತ್ತದೆ. ಅದಕ್ಕೆ ಯಾರೂ ಇದುವರೆಗೆ ಖಚಿತಪಡಿಸಿ ಎಂದಿಲ್ಲ. ಇದು ನನಗೆ ಹೊಳೆದದ್ದು ಮೂರು ವರ್ಷ ತಡವಾಗಿ.

ಅದೇ ದಿನಗಳಲ್ಲಿ ಒಂದು ಸಂಜೆ ಅವಳು ಐದು ಕಾಲಿನ ಹಸು ತಂದು ತೋರಿಸಿದಳು. ಕೆಂಪು ಪೆನ್ನು ಕೈಯಲ್ಲೇ ಇತ್ತು. ಅಂಚಿನಲ್ಲಿ, ಮಾಲೂರಿನ ಸುದ್ದಿಗೆ ಬರೆಯುವ ಹಾಗೆಯೇ, "ಕಾಲು ನಾಲ್ಕು ಇರಬೇಕು. ಖಚಿತಪಡಿಸಿ" ಎಂದು ಬರೆದೆ. ಅವಳಿಗೆ ಓದಲು ಆಗಷ್ಟೇ ಬರುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅದು ನಡೀತಾ ಇದೆ ಅಪ್ಪಾ" ಅಂದಳು. "ನಡೆದರೂ ನಾಲ್ಕೇ" ಅಂದೆ. ರಬ್ಬರ್ ತಂದು ಒಂದು ಕಾಲು ಉಜ್ಜಿದಳು. ಉಜ್ಜಿ, ಕಾಗದವನ್ನು ದೂರ ಹಿಡಿದು ನೋಡಿ, "ಈಗ ನಿಂತೋಯ್ತು" ಅಂದಳು. ನಾನು ಬೆನ್ನು ತಟ್ಟಿದೆ.

ಅಲ್ಲಿಂದ ತಿದ್ದುವುದು ನಿತ್ಯದ ಕೆಲಸವಾಯಿತು. ಟೊಮೆಟೊ ಗಿಡಕ್ಕೆ ಗೂಟ ನೆಟ್ಟಿಲ್ಲ. ಸೂರ್ಯ, ಚಂದ್ರ ಒಟ್ಟಿಗೆ ಇದ್ದಾರೆ, ಸಮಯ ತಿಳಿಸಿ. ಶ್ರೀನಿವಾಸಪುರದ ಮಾವಿನ ಮರದಲ್ಲಿ ಹೂವೂ ಇದೆ, ಹಣ್ಣೂ ಇದೆ, ಯಾವ ತಿಂಗಳು? ನಾನು ಮಗಳನ್ನು ಬೈದವನಲ್ಲ, ಒಂದು ದಿನವೂ ದನಿ ಎತ್ತಿದವನಲ್ಲ. ಪ್ರಶ್ನೆ ಮಾತ್ರ ಕೇಳಿದೆ. ಪ್ರಶ್ನೆ ಕೇಳಿದರೆ ನಷ್ಟವೇನು ಎಂದು ನಂಬಿ ಬದುಕಿದವನು ನಾನು. ಎಂಟು ವರ್ಷಕ್ಕೆ ಬರುವಷ್ಟರಲ್ಲಿ ರೈಲಿಗೆ ಗೋಡೆ ಬಂತು, ಕರು ಹೊಟ್ಟೆಯೊಳಗೆ ಮರೆಯಾಯಿತು, ನಾನು ನನ್ನ ನಿಜವಾದ ಎತ್ತರಕ್ಕೆ ಬೆಳೆದೆ. ಇದು ನನ್ನ ತರಬೇತಿಯ ಫಲ ಎಂದು ಹೆಮ್ಮೆಪಟ್ಟೆ. ಆ ವಯಸ್ಸಿಗೆ ಯಾವ ಮಗುವಿನ ರೈಲಿಗಾದರೂ ತಾನಾಗಿ ಗೋಡೆ ಬರುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಅಂದರೆ ನಾನು ತಿದ್ದಿದ್ದರಿಂದ ಆದದ್ದು ಒಂದೇ. ಗೋಡೆಯ ಜೊತೆಗೆ ಭಯವೂ ಬಂತು.

ಭಯ ಬಂದದ್ದು ಹೇಗೆ ಗೊತ್ತಾಯಿತೆಂದರೆ, ಈಗ ಅವಳೇ ನನ್ನನ್ನು ಕೇಳತೊಡಗಿದಳು. ಬರೆಯುವ ಮುಂಚೆಯೇ ಕೇಳುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಒಂದು ದಿನ, "ಅಪ್ಪಾ, ಹಸುವಿನ ಹಿಂದಿನ ಕಾಲು ಯಾವ ಕಡೆ ಮಡಚುತ್ತೆ?" ಅಂದಳು. ರೈತಾಪಿ ಜಿಲ್ಲೆಯಲ್ಲಿ ಹುಟ್ಟಿ, ದಿನಕ್ಕೆ ಮೂರು ಬಾರಿ ಹಾಲಿನ ಕಾಫಿ ಕುಡಿಯುವ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಹೇಳುವುದು ನನ್ನ ವೃತ್ತಿಗೆ ಸಲ್ಲದು. ಪರಿಚಯದ ಪಶುವೈದ್ಯರಿಗೆ ಫೋನು ಮಾಡಿ, "ಡಾಕ್ಟ್ರೇ, ಹಸುವಿನ ಹಿಂಗಾಲು ಹಿಂದಕ್ಕೆ ಮಡಚಿದ ಹಾಗೆ ಕಾಣ್ತದಲ್ಲಾ" ಎಂದೆ. "ಯಾವಾಗಿಂದ ಸಾರ್? ಎಬ್ಬಿಸೋಕೆ ಹೋಗ್ಬೇಡಿ, ಹಂಗೇ ಬಿಡಿ, ನಾನು ಗಾಡಿ ತಗೊಂಡು ಬರ್ತೀನಿ" ಎಂದು ಅವರು ಫೋನಿಟ್ಟರು. ಮತ್ತೆ ಫೋನು ಮಾಡಿ ತಡೆಯುವಷ್ಟರಲ್ಲಿ ಅವರು ಅರ್ಧ ದಾರಿ ಬಂದಿದ್ದರು. ವಿಷಯ ತಿಳಿದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಆಮೇಲೆ, ಮುಂಗಾಲಿನ ಮಂಡಿ ಮುಂದಕ್ಕೆ, ಹಿಂಗಾಲಿನ ಕೀಲು ಹಿಂದಕ್ಕೆ ಎಂದು ರಸ್ತೆ ಬದಿಯಲ್ಲಿ ನಿಂತೇ ವಿವರಿಸಿದರು. ನಾನು ಬರೆದುಕೊಂಡು ಮಗಳಿಗೆ ಕೊಟ್ಟೆ. ಅವಳು ಓದಿ, ಹಸು ಬರೆಯಲು ಕೂತು, ಕಾಲನ್ನು ಏಳು ಬಾರಿ ಉಜ್ಜಿದಳು. ಕಾಗದ ತೂತಾಯಿತು. ಜೂನ್ ತಿಂಗಳ ಆ ಸೋಮವಾರ ಚಿತ್ರ ನಿಂತದ್ದು ಅದೇ ಕಾಲಿನ ಹತ್ತಿರ.

"ಹಸುಗೆ ಐದು ಕಾಲಿದ್ರೆ ನಿಮ್ಗೇನ್ರೀ ಕಷ್ಟ ಆಗಿತ್ತು? ಹಾಲು ಕಮ್ಮಿ ಕೊಡ್ತಿತ್ತಾ?" ಎಂದು ನನ್ನ ಹೆಂಡತಿ ಮಂಜುಳ ಕೇಳಿದಳು. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಡಬ್ಬಿ ಅಕ್ಕಿ ಡ್ರಮ್ಮಿನ ಮೇಲೇ ಇತ್ತು. ನಾನು ಇಲ್ಲದಾಗ ಗುಟ್ಟಾಗಿ ಬರೆಯುತ್ತಿರಬಹುದೇ ಎಂಬ ಆಸೆಯಿಂದ, ಬೆಳಿಗ್ಗೆ ಹೊರಡುವಾಗ ಡಬ್ಬಿಯ ಮುಚ್ಚಳದ ಮೇಲೆ ಒಂದು ಅಕ್ಕಿಕಾಳು ಇಟ್ಟು ಹೋಗತೊಡಗಿದೆ. ಸಂಜೆ ಬಂದು ನೋಡಿದರೆ ಕಾಳು ಬಿದ್ದಿರುತ್ತಿತ್ತು. ಮೂರು ದಿನ ಸತತವಾಗಿ ಬಿದ್ದಿತ್ತು. ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲಾಗದೆ ಮಂಜುಳಳಿಗೆ ಹೇಳಿದೆ. "ಡ್ರಮ್ಮಿಂದ ದಿನಾ ಮೂರು ಲೋಟ ಅಕ್ಕಿ ತೆಗೆಯೋದು ಯಾರು ಅಂದ್ಕೊಂಡ್ರಿ? ಡಬ್ಬಿ ಎತ್ತಿ ಪಕ್ಕಕ್ಕಿಡ್ದೆ ಮುಚ್ಚಳ ತೆಗೆಯೋಕಾಗುತ್ತಾ?" ಅಂದಳು. ಪರಿಶೀಲಿಸದೆ ನಂಬಿದ್ದು ಅದೇ ಮೊದಲು.

ಬೇರೆ ದಾರಿ ಕಾಣದೆ ಅತ್ತೆಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಇದ್ಕೆಲ್ಲಾ ಫೋನ್ ಮಾಡ್ತಾರೇನಪ್ಪಾ?" ಅಂದರು. "ಹುಳ ಜ್ವರಕ್ಕೆ ಕೂತಾಗ ನಾವೇನ್ ಮಾಡ್ತೀವಿ?" ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಒಂದು ದಿನ ಅಲ್ಲಾಡದೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಉತ್ತರವನ್ನೂ ಅವರೇ ಹೇಳಿದರು. "ಸೊಪ್ಪು ಹಾಕಲ್ಲ. ಮುಟ್ಟಲ್ಲ. ತಲೆ ಎತ್ಕೊಂಡು ಕೂತಿರ್ತದೆ, ನೋಡಿದ್ರೆ ಸತ್ತಂಗಿರ್ತದೆ. ಹೊಸಬರು ಹೆದರ್ಕೊಂಡು ಸೊಪ್ಪು ಸುರೀತಾರೆ. ಆವಾಗ್ಲೇ ಬೆಳೆ ಹಾಳಾಗೋದು."

"ಎಷ್ಟು ದಿನ ಅತ್ತೆ?" ಎಂದೆ.

"ಹುಳಕ್ಕಾದ್ರೆ ಒಂದಿನ. ಪಿಲ್ಲಗೆ ನಂಗೇನ್ ಗೊತ್ತು?"

"ಅಂದಾಜು?"

"ಊರ್ಕೆ ಇರಪ್ಪಾ ನೀನು!" ಎಂದು ಫೋನಿಟ್ಟರು. ಪಿಲ್ಲ ಎಂದರೆ ಮಗು, ಊರ್ಕೆ ಎಂದರೆ ಸುಮ್ಮನೆ. ಅತ್ತೆ ತೆಲುಗಿಗೆ ತಿರುಗಿದರೆ ಮಾತು ಮುಗಿಯಿತೆಂದೇ ಅರ್ಥ.

ಸುಮ್ಮನಿರಲು ಪ್ರಯತ್ನಪಟ್ಟೆ. ನಾಲ್ಕು ದಿನ ಇದ್ದೆ. ಐದನೆಯ ದಿನ ನಲವತ್ತೆಂಟು ಬಣ್ಣದ ಹೊಸ ಪೆಟ್ಟಿಗೆ ತಂದೆ. ಹರ್ಷಿತಾ ಅದನ್ನು ತೆರೆದು, ಎಣಿಸಿ, "ನಲವತ್ತೇಳೇ ಇದೆ" ಎಂದು ಹಿಂದಕ್ಕೆ ಕೊಟ್ಟಳು. ನಾನೂ ಎಣಿಸಿದೆ. ಅವಳು ಹೇಳಿದ್ದು ಸರಿ. ನನ್ನ ಮಗಳು ಚಿತ್ರ ಬಿಟ್ಟು ನನ್ನ ಕೆಲಸಕ್ಕೇ ಸೇರಿಬಿಡುತ್ತಾಳೆ ಎಂದು ಅವತ್ತು ನಿಜವಾಗಿ ಹೆದರಿದೆ. ನಾನೂ ಒಂಬತ್ತು ವರ್ಷಕ್ಕೇ ಚಿತ್ರ ಬಿಟ್ಟವನು. ಎರಡು ಬೆಟ್ಟ, ನಡುವೆ ಸೂರ್ಯ, ಅಷ್ಟಕ್ಕೇ ನಿಂತೆ. ಇವತ್ತಿಗೂ ಯಾವ ಚಿತ್ರ ಪ್ರದರ್ಶನಕ್ಕೆ ಹೋದರೂ ಉದ್ಘಾಟಿಸಿದವರ ಹೆಸರು ಬರೆದುಕೊಂಡು, ಗೋಡೆಯ ಕಡೆಗೆ ತಿರುಗದೆ, "ಕಲಾಕೃತಿಗಳು ನೋಡುಗರ ಮನಸೂರೆಗೊಂಡವು" ಎಂದು ಮುಗಿಸುತ್ತೇನೆ. ಯಾರ ಮನಸ್ಸು, ಎಷ್ಟು ಜನರದ್ದು ಎಂದು ನಾನು ಯಾವತ್ತೂ ಖಚಿತಪಡಿಸಿಕೊಂಡಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಸುದ್ದಿಯ ಕೆಲಸಕ್ಕೆ ಮುಳಬಾಗಿಲಿಗೆ ಹೋಗಬೇಕಿತ್ತು. ದೋಸೆಯ ಆಸೆ ತೋರಿಸಿ ಹರ್ಷಿತಾಳನ್ನೂ ಕರೆದುಕೊಂಡು ಹೋದೆ. ದೋಸೆ ತಿಂದು ಬರುವಾಗ ಹೆದ್ದಾರಿ ಪಕ್ಕದಲ್ಲಿ ಪೇಂಟರ್ ಬಾಬಾಜಾನ್ ಸಿಕ್ಕರು. ಟೊಮೆಟೊ ಲಾರಿಗಳ ಹಿಂಬದಿಯ ಹಲಗೆಗೆ ಚಿತ್ರ ಬರೆಯುವವರು, ನನಗೆ ಹಳೆಯ ಪರಿಚಯ. ಅವತ್ತಿನ ಹಲಗೆಯ ಮೇಲೆ ಎರಡು ಬೆಟ್ಟ, ಅವುಗಳ ನಡುವೆ ಚೂಪಾಗುತ್ತ ಹೋದ ರಸ್ತೆ, ಪಕ್ಕದಲ್ಲಿ ಒಂದು ಹಸು. ಹರ್ಷಿತಾ ಹತ್ತಿರ ಹೋಗಿ ನಿಂತಳು. ಮೊದಲೆಲ್ಲ ಅವಳು ಚಿತ್ರ ನೋಡಿದರೆ ಅದರಲ್ಲಿರುವ ಹಸುವನ್ನಷ್ಟೇ ನೋಡುತ್ತಿದ್ದಳು. ಚೆಂದದ ಹಸುವಾದರೆ ಚೆಂದದ ಚಿತ್ರ, ಅಷ್ಟೇ. ಅವತ್ತು ಹಲಗೆಯನ್ನು ನೋಡಿ, ಬಾಬಾಜಾನರ ಕೈ ನೋಡಿ, ಮತ್ತೆ ಹಲಗೆ ನೋಡಿದಳು.

"ಅಂಕಲ್, ರೋಡ್ ಯಾಕೆ ಹೋಗ್ತಾ ಹೋಗ್ತಾ ಸಣ್ಣ ಆಗಿದೆ?"

"ದೂರ ಹೋಯ್ತಲ್ಲಾ ಬೇಟಿ, ಅದಕ್ಕೆ."

"ಅಷ್ಟು ಸಣ್ಣ ಆದ್ರೆ ಲಾರಿ ಹೆಂಗೆ ಹೋಗುತ್ತೆ?"

"ಲಾರಿ ಹೋಗಾಕೆ ಬೇರೆ ರೋಡ್ ಐತೆ, ಸರ್ಕಾರದ್ದು. ಇದು ನೋಡಾಕೆ." ಬಾಬಾಜಾನ್ ಬ್ರಷ್ಷನ್ನು ಡಬ್ಬಿಯಲ್ಲಿಟ್ಟು, ಅವಳನ್ನು ಹೆದ್ದಾರಿಯ ಅಂಚಿಗೆ ಕರೆದುಕೊಂಡು ಹೋಗಿ, ಆಂಧ್ರದ ಕಡೆಗೆ ಕೈ ತೋರಿಸಿದರು. "ಒಂದು ಕಣ್ಣು ಮುಚ್ಚು. ಹಾಂ. ಅಲ್ಲಿ ಎಷ್ಟು ಅಗಲ ಕಾಣ್ತದೆ, ಬೆರಳಲ್ಲಿ ತೋರ್ಸು."

ಅವಳು ಒಂದು ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಹೆದ್ದಾರಿಯನ್ನು ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಹಲಗೆಯ ಹತ್ತಿರ ಬಂದು, "ಹಸುಗೆ ಮೂರೇ ಕಾಲಿದೆ" ಅಂದಳು. ಅದನ್ನು ನಾನು ಬಂದ ಕೂಡಲೇ ಎಣಿಸಿದ್ದೆ. ಬಾಯಿ ಬಿಟ್ಟಿರಲಿಲ್ಲ.

"ನಾಲ್ಕನೇದು ಆ ಕಡೆ ಐತೆ."

"ಕಾಣಲ್ವಲ್ಲಾ?"

"ಕಾಣ್ದೇ ಇರೋದು ನನ್ನ ಡ್ಯೂಟಿ ಅಲ್ಲ ಬೇಟಿ. ಅದು ನಿಮ್ಮಪ್ಪಂದು" ಎಂದು ಬಾಬಾಜಾನ್ ನನ್ನ ಕಡೆ ನೋಡಿ ಹಲ್ಲು ಕಿರಿದರು.

ಹರ್ಷಿತಾ ತಿರುಗಿ ನನ್ನನ್ನು ನೋಡಿದಳು. ತಿಂಗಳಾದ ಮೇಲೆ ಅವಳ ಮುಖದಲ್ಲಿ ತುಂಟತನ ಕಂಡೆ. "ಅಪ್ಪಾ, ಕೆಂಪು ಪೆನ್ನು ತಂದಿದೀಯಾ? ಬರಿ ಇಲ್ಲಿ, ರಸ್ತೆಯ ಅಗಲ ಖಚಿತಪಡಿಸಿ ಅಂತ." ಬಾಬಾಜಾನರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ನನ್ನ ಕೈ ಆಗಲೇ ಜೇಬಿನ ಮೇಲಿತ್ತು. ಕೆಳಗಿಳಿಸಿದೆ.

ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಅವಳು ಒಂದು ಕಣ್ಣು ಮುಚ್ಚಿಕೊಂಡೇ ರಸ್ತೆ ನೋಡುತ್ತ ಕೂತಳು. ಪಕ್ಕದ ಸೀಟಿನ ಹೆಂಗಸು, "ಅಯ್ಯೋ, ಮಗು ಕಣ್ಣಿಗೇನಾಯ್ತಣ್ಣಾ? ಕಣ್ಬೇನೆನಾ?" ಎಂದು ಕೇಳಿದರು. "ಇಲ್ಲಮ್ಮಾ, ಚಿತ್ರಕಲೆ" ಎಂದೆ. ಅವರು ಸೆರಗಿನಿಂದ ತಮ್ಮ ಮಗುವಿನ ಮುಖ ಮುಚ್ಚಿ, ಎರಡು ಸೀಟು ಹಿಂದಕ್ಕೆ ಹೋಗಿ ಕೂತರು.

ಮನೆಗೆ ಬಂದ ಮೇಲೆ ಬರೆಯುತ್ತಾಳೆ ಎಂದು ಕಾದೆ. ಬರೆಯಲಿಲ್ಲ. ಮರುದಿನವೂ ಬರೆಯಲಿಲ್ಲ. ಮುಂದಿನ ಮೂರು ವಾರ ಅವಳು ಮಾಡಿದ್ದು ನೋಡುವುದನ್ನು ಮಾತ್ರ. ನೀರಿನ ಲೋಟ, ಬಾಗಿಲ ಸಂದಿ, ಅಮ್ಮನ ಬಳೆ, ಎಲ್ಲವನ್ನೂ ಒಂದು ಕಣ್ಣಿನಲ್ಲಿ ನೋಡುತ್ತಿದ್ದಳು. ದುಂಡಗಿನ ಬಳೆ ಕೋಳಿಮೊಟ್ಟೆಯ ಹಾಗೆ ಯಾಕೆ ಕಾಣುತ್ತದೆ ಎಂದು ಅಮ್ಮನನ್ನು ಕೇಳಿದಳು, ನನ್ನನ್ನು ಕೇಳಲಿಲ್ಲ. ನನಗೆ ಹೊಸದೊಂದು ಹೆದರಿಕೆ ಹುಟ್ಟಿತು. ಕಣ್ಣು ಹೀಗೇ ಒಂದು ಪಕ್ಕಕ್ಕೆ ಎಳೆದುಕೊಂಡುಬಿಟ್ಟರೆ? ಕಣ್ಣಿನ ಡಾಕ್ಟರ ನಂಬರನ್ನು ಫೋನಿನಲ್ಲಿ ಎರಡು ಸಲ ತೆಗೆದು ನೋಡಿದೆ. ಪಶುವೈದ್ಯರ ನೆನಪಾಗಿ ಇಟ್ಟುಬಿಟ್ಟೆ.

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹರ್ಷಿತಾ ಒಂದು ಪೆನ್ಸಿಲ್ಲು, ಹಳೇ ನೋಟ್‌ಬುಕ್ಕು ಹಿಡಿದು ಬಂದು, "ಅಪ್ಪಾ, ಆ ಕುರ್ಚೀಲಿ ಕೂತ್ಕೋ. ಅಲ್ಲಾಡ್ಬೇಡ" ಅಂದಳು. ಕೂತೆ. ಓದುತ್ತಿದ್ದ ಪತ್ರಿಕೆ ಕೈಯಲ್ಲೇ ಇತ್ತು. ಅವಳು ನೆಲದ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲನ್ನು ನನ್ನ ಮುಖಕ್ಕೆ ಅಡ್ಡ ಹಿಡಿದು ಅಳೆದಳು. ಬರೆಯತೊಡಗಿದಳು. ಉಸಿರಾಡುವುದೂ ಅಲ್ಲಾಡಿದ ಲೆಕ್ಕಕ್ಕೆ ಬರುತ್ತದೇನೋ ಎಂದು ಉಸಿರು ಹಿಡಿದೆ. "ಬೆಳಕು ಸಾಕಾ?" ಎಂದು ಕೇಳಿದೆ. "ಮುಖ ಸ್ವಲ್ಪ ತಿರುಗಿಸ್ಲಾ?" ಎಂದೆ. "ಆ ಕೈ ಹಿಂಗಿದ್ರೆ ಸರೀನಾ?" ಎಂದೆ. ಅವಳು ಪೆನ್ಸಿಲ್ಲು ಎತ್ತಿ ಮತ್ತೆ ಅಳೆದಳು. ನಲವತ್ತು ನಿಮಿಷ ಆದ ಮೇಲೆ ಪುಸ್ತಕವನ್ನು ತಾಯಿಯ ಕೈಗೆ ಕೊಟ್ಟಳು. ನಾನು ಎದ್ದು ಹಿಂದೆ ನಿಂತು ನೋಡಿದೆ.

ಕನ್ನಡಕ ಇತ್ತು. ಮೀಸೆ ಇತ್ತು. ಕಿವಿ ಒಂದೇ ಇತ್ತು, ಇನ್ನೊಂದು ಆ ಕಡೆ. ಎಡಗೈಯಲ್ಲಿ ಮೂರು ಬೆರಳು, ಉಳಿದವು ಪತ್ರಿಕೆಯ ಹಿಂದೆ. ನನ್ನ ಮುಂದಲೆಯಲ್ಲಿ ಎಷ್ಟು ಕೂದಲು ಉಳಿದಿದೆಯೋ ಅಷ್ಟೇ ಗೆರೆ. ಮೀಸೆಯ ಕೆಳಗೆ ಬಿಳಿ ಕಾಗದ ಹಾಗೇ ಇತ್ತು.

ನಾನು ಏನನ್ನೂ ಕೇಳಲಿಲ್ಲ. ಮಂಜುಳ ಕೇಳಿದಳು. "ಬಾಯಿ ಎಲ್ಲೇ?"

"ಅದು ನಿಲ್ಲಲ್ಲಮ್ಮಾ. ಒಂದ್ಸಲ ನಿಂತ್ರೆ ತಾನೇ ನೋಡಿ ಬರೆಯೋದು?"

ಬುಧವಾರ ಸಂಜೆ ಇಪ್ಪತ್ತು ನಿಮಿಷ, ನಿನ್ನೆ ಅರ್ಧ ಗಂಟೆ, ಹೀಗೆ ಮತ್ತೆ ಎರಡು ಸಲ ಕೂತಿದ್ದೇನೆ. ನಿನ್ನೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಇವತ್ತು ಸಂಜೆಯವರೆಗೆ ಬಾಯಿ ಬರೆದಿಲ್ಲ.